ಸ್ವಾತಂತ್ರ್ಯದ ಓರಗೆಯವರನ್ನು ಮಾತನಾಡಿಸಿದ ಚಿತ್ರಕಾರ

1947ನೆಯ ಇಸವಿ ಆಗಸ್ಟ್ 15ರಂದು ಹುಟ್ಟಿದ ಮಕ್ಕಳು ಇಪ್ಪತ್ತು ತುಂಬಿದಾಗ ತಮ್ಮ ದೇಶವನ್ನು ಕುರಿತು ಏನು ಹೇಳಿಯಾರು? ಈ ಪ್ರಶ್ನೆಯನ್ನು 1967ರಲ್ಲಿ ಕ್ಯಾಮೆರಾದ ಮುಂದೆ ಕೇಳಿದವರು ಎಸ್. ಎನ್. ಎಸ್. ಶಾಸ್ತ್ರಿಗಳು, ಅದರ ಫಲವೇ ‘ಐ ಆ್ಯಮ್ 20’ ಎಂಬ ಸಾಕ್ಷ್ಯಚಿತ್ರ.

ಈ ಚಿತ್ರದ ಹೊಸತನವನ್ನು ಅರಿಯಬೇಕಾದರೆ ಅದಕ್ಕೆ ಹಿಂದಿನ ಸ್ಥಿತಿಯನ್ನು ನಾವು ನೆನೆಯಬೇಕು. 1948ರಲ್ಲಿ ಕೇಂದ್ರ ಸರಕಾರವು ಫಿಲ್ಮ್ಸ್ ಡಿವಿಜನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಕಥಾಚಿತ್ರಕ್ಕೆ ಮುಂಚೆ ಅದರ ವಾರ್ತಾಚಿತ್ರಗಳನ್ನು ತೋರಿಸುವುದು ಚಿತ್ರಮಂದಿರಗಳಿಗೆ ಕಡ್ಡಾಯವಾಗಿದ್ದಿತು. ಅಣೆಕಟ್ಟು, ಕಾರ್ಖಾನೆ, ಉದ್ಘಾಟನೆ. ಇವುಗಳ ಮೇಲೆ ಕಣ್ಣಿಗೆ ಕಾಣದ ಒಂದು ಗಂಭೀರ ಧ್ವನಿ. ಜನರನ್ನು ಕುರಿತು ಆ ಧ್ವನಿ ಮಾತನಾಡುತ್ತಿತ್ತೇ ಹೊರತು ಜನರು ಮಾತನಾಡುತ್ತಿದ್ದುದು ಅಪೂರ್ವ.

1965ರಲ್ಲಿ ಜೀನ್ ಭೌನಗರಿಯವರು ಯುನೆಸ್ಕೊದಿಂದ ಈ ಸಂಸ್ಥೆಗೆ ಮರಳಿದ ಮೇಲೆ ಹೊಸ ಪ್ರಯೋಗಗಳಿಗೆ ಎಡೆ ದೊರೆಯಿತು. ಸುಖದೇವ್, ಪ್ರಮೋದ್ ಪತಿ, ಶಾಸ್ತ್ರಿ ಇವರು ಆ ಕಾಲದ ಮುಂದಾಳುಗಳು. ಶಾಸ್ತ್ರಿಗಳು ಉಪದೇಶದ ಧ್ವನಿಯನ್ನು ಹಿಂದೆ ಸರಿಸಿ, ತರುಣ ತರುಣಿಯರ ಉತ್ತರಗಳನ್ನೇ ಒಂದರ ಪಕ್ಕದಲ್ಲೊಂದು ಇಟ್ಟರು. ಒಬ್ಬನಲ್ಲಿ ಭರವಸೆ, ಮತ್ತೊಬ್ಬನಲ್ಲಿ ಬೇಸರ. ತೀರ್ಪನ್ನು ಹೇಳುವವರಿಲ್ಲ, ಅದು ನೋಡುವವರ ಪಾಲಿಗೆ ಬಂದ ಹೊಣೆ. ಸರಕಾರದ ಹಣದಿಂದ ತಯಾರಾದ ಚಿತ್ರವೊಂದು ಸರಕಾರಕ್ಕೆ ಹಿತವಲ್ಲದ ಮಾತಿಗೂ ಕಿವಿಗೊಟ್ಟುದು ಸಾಮಾನ್ಯ ಸಂಗತಿಯಲ್ಲ.

ಮರುವರ್ಷದ ‘ಆ್ಯಂಡ್ ಐ ಮೇಕ್ ಶಾರ್ಟ್ ಫಿಲ್ಮ್ಸ್’ ಇನ್ನೂ ದಿಟ್ಟವಾದುದು. ಅದರಲ್ಲಿ ಅವರು ಪರೀಕ್ಷಿಸಿದುದು ತಮ್ಮ ಕಸುಬನ್ನೇ. ರಷ್ಯದ ಜಿಗಾ ವೆರ್ಟೋವ್ 1929ರಲ್ಲಿ ತನ್ನ ಕ್ಯಾಮೆರಾವನ್ನೇ ಚಿತ್ರದ ಒಂದು ಪಾತ್ರವಾಗಿಸಿದುದು ಇಲ್ಲಿ ನಮ್ಮ ನೆನಪಿಗೆ ಬರುತ್ತದೆ.

ಶಾಸ್ತ್ರಿಗಳು ದೋಷರಹಿತರೆಂದು ನಾವು ಹೇಳುವುದಿಲ್ಲ. 1975ರ ತುರ್ತುಪರಿಸ್ಥಿತಿಯಲ್ಲಿ ಅವರು ಸರಕಾರದ ಪರವಾದ ಪ್ರಚಾರಚಿತ್ರವನ್ನೂ ತಯಾರಿಸಿದರು. ಪ್ರಶ್ನೆ ಕೇಳಬಲ್ಲ ಕೈಯೇ ಅಪ್ಪಣೆಯನ್ನೂ ಪಾಲಿಸಿತು. 1978ರಲ್ಲಿ ಅವರು ತೀರಿಕೊಂಡರು. ಬಹುಕಾಲ ಮರೆವಿಗೆ ಸಂದಿದ್ದ ಅವರ ಚಿತ್ರಗಳು, 2012ರಲ್ಲಿ ಆರಂಭವಾದ ಎಫ್.ಡಿ. ಜೋನ್ ಪ್ರದರ್ಶನಗಳೇ ಮೊದಲಾದ ಪ್ರಯತ್ನಗಳಿಂದ ಹೊಸ ತಲೆಮಾರಿನ ಕಣ್ಣಿಗೆ ಬಿದ್ದುವು.

ಅವರ ಪ್ರಶ್ನೆಯಾದರೋ ಇನ್ನೂ ಮುಗಿದಿಲ್ಲ. ಸ್ವಾತಂತ್ರ್ಯದೊಡನೆ ದೇಶವಿಭಜನೆಯ ಗಡಿರೇಖೆಯೂ ಹುಟ್ಟಿತು. ಆಗಸ್ಟ್ 17ರಂದು ಅದು ಪ್ರಕಟವಾಯಿತು. ಆ ರೇಖೆ ಎಬ್ಬಿಸಿದ ಜನರಲ್ಲಿ ಕೆಲವರು ಬಹುದೂರದ ನಮ್ಮ ನಾಡಿಗೂ ಬಂದರು. ರಾಯಚೂರು ಜಿಲ್ಲೆಯ ಸಿಂಧನೂರಿನ ಸಮೀಪದಲ್ಲಿರುವ ಆರ್.ಎಚ್. ಕ್ಯಾಂಪ್ ಪೂರ್ವ ಬಂಗಾಳದ ನಿರಾಶ್ರಿತರಿಗಾಗಿ ಏರ್ಪಟ್ಟ ಪುನರ್ವಸತಿ. ಪದ್ಮಾನದಿಯ ಸೀಮೆಯನ್ನು ಬಿಟ್ಟವರಿಗೆ ಇಲ್ಲಿ ತುಂಗಭದ್ರೆಯ ಕಾಲುವೆ ನೆರೆಯಾಯಿತು. ಮನೆಯಲ್ಲಿ ಬಂಗಾಳಿ, ಸಂತೆಯಲ್ಲಿ ಕನ್ನಡ.

ಶಾಸ್ತ್ರಿಗಳ ಕ್ಯಾಮೆರಾ ಇಂಥ ಮನೆಯಂಗಳದಲ್ಲಿ ನಿಂತು, ಈ ದೇಶ ನಿಮಗೆ ಏನಾಗಿದೆ ಎಂದು ಕೇಳಿದ್ದರೆ ಉತ್ತರ ಸಿಹಿಯಾಗಿಯೂ ಇದ್ದೀತು, ಕಹಿಯಾಗಿಯೂ ಇದ್ದೀತು. ಎರಡನ್ನೂ ನಡುವೆ ಬಾಯಿ ಹಾಕದೆ ಕೇಳಬೇಕೆಂಬುದೇ ಅವರು ನಮಗೆ ಬಿಟ್ಟುಹೋದ ಪಾಠ.