ಶ್ರೀಗಂಧ ನಮ್ಮ ನೆಲದ ಮರವೇ, ಹೊರಗಿನಿಂದ ಬಂದದ್ದೇ?

ಹಾಸನದಲ್ಲಿ ಗಂಧದ ಕೋಠಿ ಎಂದರೆ ಈಗಿನ ಮಕ್ಕಳಿಗೆ ಕಾಲೇಜು ನೆನಪಾಗುತ್ತದೆ. ಸರ್ಕಾರ ಗಂಧದ ಕೊರಡು ಕೂಡಿಡುತ್ತಿದ್ದ ಕೋಠಿಯಿಂದ ಬಂದ ಹೆಸರದು. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಮಹಾಮಸ್ತಕಾಭಿಷೇಕ ನಡೆದರೆ ಗೊಮ್ಮಟನ ಮೈಮೇಲೆ ಗಂಧ ಹರಿಯಲೇಬೇಕು. ಅರಕಲಗೂಡು, ಹೊಳೆನರಸೀಪುರದ ಕಡೆ ಬೇಲಿ ಸಾಲಿನಲ್ಲಿ ತಾನಾಗಿ ಹುಟ್ಟುವ ಗಂಧದ ಗಿಡ ಹಿರಿಯರಿಗೆಲ್ಲ ಗೊತ್ತು. ಇಷ್ಟಿದ್ದರೂ ಈ ಮರ ಮೂಲದಲ್ಲಿ ನಮ್ಮದಲ್ಲ ಎಂಬ ವಾದವೊಂದಿದೆ.

ಇಂಡೋನೇಷ್ಯಾ ಕಡೆಯ ಟಿಮೋರ್ ದ್ವೀಪದಿಂದ ಮನುಷ್ಯರೇ ಇದನ್ನು ಭಾರತಕ್ಕೆ ತಂದರು ಎಂದು ಸಸ್ಯವಿಜ್ಞಾನಿ ಸಿ.ಇ.ಸಿ. ಫಿಷರ್ 1938ರಲ್ಲಿ ವಾದಿಸಿದರು. ಅದಕ್ಕೆ ಬಲ ಕೊಡುವ ಸಂಗತಿಯೂ ಇದೆ. ಗಂಧದ ದಾಯಾದಿ ಮರಗಳು ಹೆಚ್ಚಾಗಿ ಇರುವುದು ಆಸ್ಟ್ರೇಲಿಯಾ, ಹವಾಯಿ ಮತ್ತು ಪೆಸಿಫಿಕ್ ದ್ವೀಪಗಳಲ್ಲಿ. ನಮ್ಮ ಕಾಡಿನಲ್ಲಿ ಇರುವುದು ಇದೊಂದೇ ಜಾತಿ.

ಇನ್ನೊಂದು ಕಡೆ, ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಚಂದನದ ಬಗೆಗಳ ಪಟ್ಟಿಯೇ ಇದೆ. ಬಳ್ಳಾರಿ ಹತ್ತಿರದ ಸಂಗನಕಲ್ಲಿನಲ್ಲಿ ಅಗೆದಾಗ ಸಿಕ್ಕ ಸುಮಾರು 3000 ವರ್ಷದ ಹಿಂದಿನ ಇದ್ದಿಲಿನಲ್ಲಿ ಗಂಧದ ಮರದ್ದೂ ಇತ್ತು. ಅಷ್ಟು ಹಿಂದೆಯೇ ಯಾರೋ ತಂದಿರಬಹುದು ಎನ್ನುವವರೂ ಇದ್ದಾರೆ. ಹಾಗಾಗಿ ವಾದ ಇನ್ನೂ ಮುಗಿದಿಲ್ಲ.

ನಮಗನ್ನಿಸುವುದು ಇಷ್ಟು. ದಿನವೂ ಮುದ್ದೆ ಮಾಡುವ ರಾಗಿಯ ಮೂಲ ಆಫ್ರಿಕಾ. ಮೆಣಸಿನಕಾಯಿ ಬಂದದ್ದು ಪೋರ್ಚುಗೀಸರ ಕಾಲದಲ್ಲಿ, ಅಮೆರಿಕದಿಂದ. ಅವನ್ನು ಪರದೇಶದ್ದೆಂದು ಯಾರೂ ದೂರ ಇಟ್ಟಿಲ್ಲ. ಗಂಧ ಹೊರಗಿನದೇ ಆಗಿದ್ದರೂ, ಹಣ್ಣು ತಿಂದ ಹಕ್ಕಿಗಳು ಬೀಜ ಹರಡಿ ಅದನ್ನು ನಮ್ಮ ಬೇಲಿಗೆ ತಂದು ಶತಮಾನಗಳೇ ಕಳೆದಿವೆ.

ಮರವನ್ನು ರೈತನಿಂದ ದೂರ ಮಾಡಿದ್ದು ಕಾನೂನು. 1792ರಲ್ಲಿ ಟಿಪ್ಪು ಸುಲ್ತಾನ್ ಗಂಧವನ್ನು ರಾಜವೃಕ್ಷ ಎಂದು ಸಾರಿದ. ಮುಂದೆ ಮೈಸೂರು ಅರಸರೂ ಆಮೇಲಿನ ಸರ್ಕಾರವೂ ಅದೇ ದಾರಿ ಹಿಡಿದವು. ಜಮೀನು ರೈತನದು, ಗಂಧದ ಮರ ಮಾತ್ರ ಸರ್ಕಾರದ್ದು. ಕಳ್ಳರು ಕಡಿದೊಯ್ದರೆ ವಿಚಾರಣೆ ಬರುತ್ತಿದ್ದುದು ಜಮೀನಿನವನ ಮನೆಗೇ. ಈ ಉಸಾಬರಿಯೇ ಬೇಡವೆಂದು ಸಸಿಯನ್ನೇ ಕಿತ್ತೆಸೆದವರು ಎಷ್ಟೋ ಮಂದಿ.

2001ರಲ್ಲಿ ಕಾಯ್ದೆ ತಿದ್ದುಪಡಿಯಾಗಿ, ಜಮೀನಿನ ಗಂಧದ ಮರದ ಒಡೆತನ ರೈತನಿಗೆ ಬಂತು. ಕಡಿಯಲು ಮಾತ್ರ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಅಷ್ಟರಲ್ಲಿ ಕಾಡಿನ ಗಂಧ ಅಪರೂಪವಾಗಿತ್ತು.

ನಿಮ್ಮ ಬೇಲಿಯಲ್ಲಿ ಗಂಧದ ಸಸಿ ಕಂಡರೆ ಕೀಳಬೇಡಿ. ಪಕ್ಕದ ಗಿಡದ ಬೇರಿನಿಂದ ಸಾರ ಹೀರಿ ಬೆಳೆಯುವ ಮರ ಇದು. ಹತ್ತಿರ ಹೊಂಗೆಯೋ ತೊಗರಿಯೋ ಇದ್ದರೆ ಅದನ್ನೂ ಉಳಿಸಿ.