ಎರಡು ಪಟ್ಟಣಗಳು, ಒಂದು ನದಿ

ಜರ್ಮನಿಯಲ್ಲಿ ಎಲ್ಬೆ ನದಿಯ ದಡದ ಮೇಲೆ ಹ್ಯಾಂಬರ್ಗ್ ಮತ್ತು ಆಲ್ಟೋನಾ ಎಂಬ ಎರಡು ಪಟ್ಟಣಗಳು ಒಂದಕ್ಕೊಂದು ಅಂಟಿಕೊಂಡು ಬೆಳೆದಿದ್ದುವು. ಕೆಲವೆಡೆ ಒಂದೇ ಬೀದಿಯ ಒಂದು ಮಗ್ಗುಲು ಹ್ಯಾಂಬರ್ಗಿಗೂ ಮತ್ತೊಂದು ಮಗ್ಗುಲು ಆಲ್ಟೋನಾಕ್ಕೂ ಸೇರಿದ್ದಿತು. ನದಿಯೊಂದೇ, ಹವೆಯೊಂದೇ, ಆಡಳಿತ ಮಾತ್ರ ಬೇರೆ. ಹ್ಯಾಂಬರ್ಗು ವರ್ತಕಪ್ರಮುಖರು ಆಳುತ್ತಿದ್ದ ನಗರರಾಜ್ಯ. ಆಲ್ಟೋನಾ ಪ್ರಷ್ಯಾ ರಾಜ್ಯಕ್ಕೆ ಒಳಪಟ್ಟ ಊರು. 1892ನೆಯ ಇಸವಿಯ ಬೇಸಗೆಯಲ್ಲಿ ಈ ಭೇದವು ಸಾವಿರಾರು ಜನರ ಅಳಿವು ಉಳಿವುಗಳನ್ನು ನಿರ್ಣಯಿಸಿತು.

1842ರ ಮಹಾಗ್ನಿಯಲ್ಲಿ ಬೆಂದ ಹ್ಯಾಂಬರ್ಗಿಗೆ ವಿಲಿಯಂ ಲಿಂಡ್ಲಿ ಎಂಬ ಆಂಗ್ಲ ಎಂಜಿನಿಯರನು ಹೊಸ ಚರಂಡಿಗಳನ್ನೂ ಜಲಸ್ಥಾವರವನ್ನೂ ರಚಿಸಿಕೊಟ್ಟನು. ನಲ್ಲಿಯ ನೀರು ಮನೆಮನೆಗೂ ಹರಿಯಿತು. ಆದರೆ ಅದು ಕೊಳಗಳಲ್ಲಿ ಕೆಲಕಾಲ ತಂಗಿದ ನದಿಯ ನೀರೇ ಹೊರತು ಸೋಸಿದ ನೀರಲ್ಲ. ಆಲ್ಟೋನಾದ ಸ್ಥಿತಿ ಸ್ವಭಾವತಃ ಇನ್ನೂ ಕಷ್ಟತರವಾದುದು. ಅದು ನೀರೆತ್ತುತ್ತಿದ್ದ ಸ್ಥಳವು ಹ್ಯಾಂಬರ್ಗಿಗಿಂತ ಕೆಳಗಿದ್ದುದರಿಂದ, ಆ ಮಹಾನಗರದ ಕೊಳಚೆಯೆಲ್ಲ ಕೂಡಿದ ನೀರೇ ಅದರ ಪಾಲು. ಆದರೂ ಆ ಊರಿನಲ್ಲಿ 1859ರಿಂದಲೂ ನೀರನ್ನು ಮರಳಿನ ಹಾಸುಗಳಲ್ಲಿ ಇಂಗಿಸಿ, ಶೋಧಿಸಿ, ಜನರಿಗೆ ಒದಗಿಸುತ್ತಿದ್ದರು.

ಹ್ಯಾಂಬರ್ಗಿನವರಿಗೆ ಈ ಉಪಾಯವು ತಿಳಿಯದಿರಲಿಲ್ಲ, ಹಣವೂ ಕಡಮೆಯಿರಲಿಲ್ಲ. ವೆಚ್ಚವನ್ನು ಹೊರತಕ್ಕವರಾರು ಎಂಬ ಚರ್ಚೆಯಲ್ಲಿಯೇ ವರ್ಷಗಳು ಕಳೆದುವು. ಪ್ರತಿನಿಧಿಸಭೆಯಲ್ಲಿ ಮನೆಯೊಡೆಯರ ಮಾತಿಗೆ ತೂಕ ಹೆಚ್ಚು. ಇಕ್ಕಟ್ಟಾದ ಬಾಡಿಗೆಮನೆಗಳಲ್ಲಿ ವಾಸಿಸುತ್ತಿದ್ದ ಬಹುಪಾಲು ಜನರಿಗೆ ಮತಾಧಿಕಾರವೇ ಇರಲಿಲ್ಲ. ಕಟ್ಟಕಡೆಗೆ 1890ರಲ್ಲಿ ಒಪ್ಪಿಗೆ ದೊರೆಯಿತು. ಎರಡು ವರ್ಷಗಳ ತರುವಾಯ ವ್ಯಾಧಿಯು ಬಂದಾಗ ಕೆಲಸವು ಇನ್ನೂ ಮುಗಿದಿರಲಿಲ್ಲ.

1892ರ ಆಗಸ್ಟ್ ನಡುವಿನಲ್ಲಿ ಕಾಲರಾ ತಲೆದೋರಿತು. ರೋಗದ ಹೆಸರನ್ನು ಬಹಿರಂಗಪಡಿಸಿದರೆ ಬಂದರಿನ ವ್ಯಾಪಾರ ನಿಂತುಹೋದೀತೆಂದು ಅಧಿಕಾರಿಗಳು ಅಳುಕಿದರು. ಆ ಅಮೂಲ್ಯ ದಿನಗಳಲ್ಲಿ ನೀರನ್ನು ಕಾಯಿಸಿ ಕುಡಿಯಿರೆಂದು ಜನರಿಗೆ ಹೇಳುವವರಿಲ್ಲ. ನಲ್ಲಿಗಳು ಮಾತ್ರ ವಿಷವನ್ನು ಮನೆಮನೆಗೂ ಮುಟ್ಟಿಸುತ್ತಲೇ ಇದ್ದುವು. ಆಗಸ್ಟ್ 24ರಂದು ಬರ್ಲಿನ್ನಿನಿಂದ ರಾಬರ್ಟ್ ಕಾಖ್ ಪಂಡಿತನು ಬಂದ ಮೇಲೆಯೇ ತಕ್ಕ ಏರ್ಪಾಡುಗಳು ಮೊದಲಾದುವು. ಸುಮಾರು 17,000 ಮಂದಿ ರೋಗಕ್ಕೆ ತುತ್ತಾಗಿ, ಸುಮಾರು 8,600 ಮಂದಿ ಮಡಿದರು.

ಆಲ್ಟೋನಾದಲ್ಲಿ ಸತ್ತವರು ಕೆಲವು ನೂರು ಮಂದಿ ಮಾತ್ರ. ಗಡಿಯ ಬೀದಿಯಲ್ಲಿ ಹ್ಯಾಂಬರ್ಗಿನ ಮಗ್ಗುಲಿನ ಮನೆಗಳಿಂದ ಹೆಣಗಳು ಹೊರಟರೆ, ಎದುರು ಮಗ್ಗುಲಿನ ಮನೆಗಳು ಕ್ಷೇಮವಾಗಿದ್ದುವು. ಹ್ಯಾಂಬರ್ಗಿನ ಎಲ್ಲೆಯೊಳಗಿದ್ದರೂ ಆಲ್ಟೋನಾದ ನೀರನ್ನೇ ಪಡೆಯುತ್ತಿದ್ದ ಒಂದು ವಠಾರದವರೂ ರೋಗದಿಂದ ಪಾರಾದರು. ರೋಗಕ್ಕೆ ಕಾರಣ ನೆಲವೋ ಗಾಳಿಯೋ ಎಂದು ವಾದಿಸುತ್ತಿದ್ದವರಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿರಲಿಲ್ಲ.

ವರ್ಷಾನುವರ್ಷ ತಡೆದಿದ್ದ ಶೋಧನಾಲಯವು ತರಾತುರಿಯಿಂದ ಮುಗಿದು, 1893ರ ಮೇ ತಿಂಗಳಲ್ಲಿ ಸೋಸಿದ ನೀರು ಹರಿಯಿತು. ಮತಾಧಿಕಾರವನ್ನು ವಿಸ್ತರಿಸುವ ಶಾಸನವು 1896ರಲ್ಲಿ ಬಂದಿತು. 1937ರ ಶಾಸನದಿಂದ ಆಲ್ಟೋನಾ ಹ್ಯಾಂಬರ್ಗಿನಲ್ಲಿಯೇ ಸೇರಿಹೋಯಿತು. ಈಗ ಅಲ್ಲಿ ಆ ಗಡಿಯಿಲ್ಲ.

ಹ್ಯಾಂಬರ್ಗಿಗೆ ದ್ರವ್ಯವಿದ್ದಿತು, ವಿದ್ಯೆಯಿದ್ದಿತು, ನಿಪುಣರಾದ ಎಂಜಿನಿಯರರಿದ್ದರು. ಆದರೆ ತೆರಿಗೆ ಕೊಡುವವರ ಕೈಯಲ್ಲಿ ತೀರ್ಮಾನವಿದ್ದು, ಆ ನೀರನ್ನು ಕುಡಿಯುವ ಬಡವರಿಗೆ ಸಭೆಯಲ್ಲಿ ಬಾಯಿಯಿರಲಿಲ್ಲ. ಕೇಡು ಬಂದಾಗ ಸತ್ಯವನ್ನು ಹೇಳುವ ಧೈರ್ಯ ಅಧಿಕಾರಿಗಳಿಗಿರಲಿಲ್ಲ. ಪೌರಾಡಳಿತದ ಈ ಎರಡು ಕೊರತೆಗಳನ್ನು ಯಾವ ಮರಳಿನ ಹಾಸೂ ಸೋಸಲಾರದು.