ಬಾಣಲೆಯಲ್ಲಿ ಸುತ್ತಿಕೊಂಡ ಹಾಸಿಗೆ

ಹಾಂಗ್‌ಕಾಂಗ್‌ನಲ್ಲಿ ಒಬ್ಬರ ಕೆಲಸ ಹೋಯಿತೆಂದರೆ ಜನ ಹೇಳುವುದು ‘ಚಾವ್ ಯವ್‌ಯೂ’. ಕ್ಯಾಂಟನೀಸ್‌ನಲ್ಲಿ ‘ಚಾವ್’ ಅಂದರೆ ಬಾಣಲೆಯಲ್ಲಿ ಹುರಿಯುವುದು. ‘ಯವ್‌ಯೂ’ ಅಂದರೆ ನಮ್ಮ ಕರಾವಳಿಯವರು ಬೊಂಡಾಸ್ ಎನ್ನುವ ಕಡಲಜೀವಿ. ಇವೆರಡಕ್ಕೂ ನೌಕರಿಗೂ ಇರುವ ನಂಟು ಒಲೆಯ ಮುಂದೆ ನಿಂತರೆ ಗೊತ್ತಾಗುತ್ತದೆ.

ಬೊಂಡಾಸನ್ನು ಸೀಳಿ ಹರಡಿ, ಒಳಮೈಗೆ ಚಾಕುವಿನಿಂದ ಅಡ್ಡಡ್ಡ ಗೀರು ಹಾಕಿ, ತುಂಡು ಮಾಡಿ ಕಾದ ಬಾಣಲೆಗೆ ಹಾಕುತ್ತಾರೆ. ಚಪ್ಪಟೆಯಾಗಿದ್ದ ತುಂಡು ನೋಡನೋಡುತ್ತಿದ್ದಂತೆ ಸುರುಳಿ ಸುತ್ತಿಕೊಳ್ಳುತ್ತದೆ. ಗೀರುಗಳೆಲ್ಲ ಹೊರಗೆ ಬಂದು ಅರಳುತ್ತವೆ. ಹಿಂದೆ ಅಲ್ಲಿ ಅಂಗಡಿಗಳ ಆಳುಗಳು ಧಣಿಯ ಜಾಗದಲ್ಲೇ ಮಲಗುತ್ತಿದ್ದರು. ಊಟ ಧಣಿಯದು, ಹಾಸಿಗೆ ಮಾತ್ರ ಸ್ವಂತದ್ದು. ‘ನೀನು ಬೇಡ’ ಅಂದ ದಿನ ಅದನ್ನು ಸುತ್ತಿ ಹೆಗಲಿಗೇರಿಸಿ ಹೊರಡಬೇಕು. ಬಾಣಲೆಯ ಸುರುಳಿಯಲ್ಲಿ ಜನ ಕಂಡದ್ದು ಆ ಹಾಸಿಗೆಯನ್ನು ಎನ್ನುತ್ತಾರೆ. ‘ಗಂಟುಮೂಟೆ ಕಟ್ಟು’ ಎನ್ನುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇದಕ್ಕಿಂತ ಕಠೋರವಾದ ಮಾತೊಂದಿದೆ: ‘ನಿರ್ದಯ ಕೋಳಿ ತಿನ್ನುವುದು’. ಹೊಸವರ್ಷದ ಊಟದಲ್ಲಿ ಧಣಿ ತಾನೇ ಕೋಳಿ ತುಂಡೆತ್ತಿ ಒಬ್ಬನ ಬಟ್ಟಲಿಗೆ ಹಾಕಿದರೆ ಆ ವರ್ಷ ಅವನಿಗೆ ಕೆಲಸವಿರುತ್ತಿರಲಿಲ್ಲ. ಎಲ್ಲರೆದುರು ಆ ತುಂಡು ಗಂಟಲಲ್ಲಿ ಹೇಗೆ ಇಳಿಯುತ್ತಿತ್ತೋ! ಬೊಂಡಾಸ್‌ನ ಮಾತಿನಲ್ಲಿ ಕೊಂಚವಾದರೂ ಮಾನ ಉಳಿಯುತ್ತದೆ.

ಚೀನಾದ ಸರ್ಕಾರಿ ಕಾರ್ಖಾನೆಗಳಲ್ಲಿ ನೌಕರಿಯೆಂದರೆ ‘ಕಬ್ಬಿಣದ ಅನ್ನದ ಬಟ್ಟಲು’, ಒಡೆಯುವ ಮಾತೇ ಇಲ್ಲ ಎಂಬ ಕಾಲವಿತ್ತು. 1986ರಲ್ಲಿ ಹೊಸ ಕಾರ್ಮಿಕರಿಗೆ ಕರಾರು ಪದ್ಧತಿ ಬಂತು. ಕೆಲಸದಿಂದ ತೆಗೆಯುವುದು ಮೆಲ್ಲಗೆ ದಿನದ ಸುದ್ದಿಯಾದಂತೆ ದಕ್ಷಿಣದ ಈ ಬೊಂಡಾಸ್ ನುಡಿಗಟ್ಟು ಮ್ಯಾಂಡರಿನ್ ಆಡುವವರ ಬಾಯಿಗೂ ಹತ್ತಿತು.

ಕಲಿಯುವವರು ಮುಖ್ಯವಾಗಿ ಗಮನಿಸಬೇಕಾದದ್ದು ಇದರ ವ್ಯಾಕರಣ. ‘ಚಾವ್’ ಮತ್ತು ‘ಯವ್‌ಯೂ’ ನಡುವೆ ಯಾರನ್ನು ಕೂರಿಸುತ್ತೇವೋ ಅವರದೇ ಬೊಂಡಾಸ್ ಬಾಣಲೆಗೆ ಬೀಳುತ್ತದೆ. ಅಲ್ಲಿ ‘ಲೋಬಾನ್’ ಅಂದರೆ ಧಣಿಯನ್ನೇ ಕೂರಿಸಬಹುದು! ಆಗ ಅರ್ಥ, ನೌಕರನೇ ರಾಜೀನಾಮೆ ಬಿಸಾಕಿ ಬಂದ ಎಂದು. ಈ ನುಡಿಗಟ್ಟಿನ ಬಾಳಿನಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಈ ತಿರುವು. ಹಾಸಿಗೆ ಹೊತ್ತು ಎಂದೂ ಹೊರಡದವನನ್ನು ಮಾತಿನಲ್ಲಾದರೂ ಹೊರಡಿಸುವ ಹಕ್ಕನ್ನು ದುಡಿಯುವವರು ತಾವೇ ಪಡೆದುಕೊಂಡಿದ್ದಾರೆ. ಆಫೀಸಿನ ಪತ್ರದಲ್ಲಿ ಈ ಮಾತು ಬರೆಯುವಂತಿಲ್ಲ. ಗೆಳೆಯರ ನಡುವೆ ಆಡಬಹುದು. ಅಲ್ಲಿ ಅನೇಕ ಸಲ ‘ಯವ್‌ಯೂ’ ಕೂಡ ಬೇಡ, ಬರೀ ‘ಚಾವ್’ ಅಂದರೂ ಸಾಕು.